ಕರಾಚಿಯ ಐವತ್ತು, ಭದ್ರಾವತಿಯ ಎಪ್ಪತ್ತೆರಡು

1949ರ ಅಕ್ಟೋಬರಿನಲ್ಲಿ ಅಕ್ಕನ ದುಡ್ಡು ಬರಲಿಲ್ಲ. ನವೆಂಬರಿನಲ್ಲೂ ಇಲ್ಲ.

ಅಕ್ಕ ಲೂಸಿ ಕರಾಚಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ದೇಶ ಎರಡಾಗುವ ಮೊದಲೇ ಕೆಲಸ ಸಿಕ್ಕಿ ಹೋದವಳು, ಆಮೇಲೂ ಅಲ್ಲೇ ಉಳಿದಳು. ತಿಂಗಳಿಗೆ ಐವತ್ತು ರೂಪಾಯಿ ಮನಿಯಾರ್ಡರ್ ಮಾಡುತ್ತಿದ್ದಳು, ಒಂದು ಸಲವೂ ತಪ್ಪಿಸಿರಲಿಲ್ಲ.

ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮದು ಬಾಡಿಗೆ ಮನೆ. ಅವ್ವ ನ್ಯೂ ಟೌನಿನ ಎರಡು ಬಂಗಲೆಗಳಲ್ಲಿ ಪಾತ್ರೆ, ಬಟ್ಟೆ ತೊಳೆಯುತ್ತಿದ್ದಳು.

ನಾನು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಹಾಸ್ಟೆಲ್ಲು, ಫೀಸು, ಪುಸ್ತಕ ಎಲ್ಲವೂ ಅಕ್ಕನ ಆ ಐವತ್ತರಲ್ಲೇ. ಓದು ಮುಗಿಯಲು ಇನ್ನೊಂದೇ ವರ್ಷ ಬಾಕಿ ಇತ್ತು.

ಡಿಸೆಂಬರಿನಲ್ಲಿ ಅವ್ವ ಬಂದು ನನ್ನ ಟ್ರಂಕು ಎತ್ತಿಸಿಕೊಂಡು ರೈಲು ಹತ್ತಿಸಿದಳು. ಮುಂದಿನ ಸೋಮವಾರದಿಂದ ನಾನೂ ಬಂಗಲೆಯ ಹಿತ್ತಿಲಲ್ಲಿ ಕೂತು ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದೆ...

ಅದೇ ವಾರ ಅಕ್ಕನ ಕಾಗದ ಬಂತು.

ಇಂಗ್ಲೆಂಡು ತನ್ನ ಪೌಂಡಿನ ಬೆಲೆ ಇಳಿಸಿದೆಯಂತೆ. ಅದರ ಹಿಂದೆಯೇ ಭಾರತ ರೂಪಾಯಿ ಇಳಿಸಿದೆ, ಪಾಕಿಸ್ತಾನ ಇಳಿಸಿಲ್ಲ. ಸೆಪ್ಟೆಂಬರ್‌ವರೆಗೆ ಪಾಕಿಸ್ತಾನದ ನೂರು ರೂಪಾಯಿ ನಮ್ಮ ನೂರಕ್ಕೆ ಸಮ ಇತ್ತು. ಈಗ ಅವರ ನೂರಕ್ಕೆ ನಮ್ಮ ನೂರಾ ನಲವತ್ನಾಲ್ಕು ಅನ್ನುತ್ತಾರೆ ಅವರು. ಈ ರೇಟು ನಮ್ಮ ಸರ್ಕಾರಕ್ಕೆ ಒಪ್ಪಿಗೆ ಇಲ್ಲ, ಅದಕ್ಕೇ ದುಡ್ಡು ಕಳಿಸುವುದು ನಿಂತಿದೆಯಂತೆ.

"ಪ್ರತಿ ತಿಂಗಳೂ ಪೋಸ್ಟಾಫೀಸಿಗೆ ಹೋಗಿ ಕೇಳುತ್ತೇನೆ, ತಗೊಳ್ಳುವುದಿಲ್ಲ. ಮೇರಿಯ ಸ್ಕೂಲು ಮಾತ್ರ ಬಿಡಿಸಬೇಡ ಅವ್ವ" ಎಂದು ಬರೆದಿದ್ದಳು. ಮೇರಿ ಅಂದರೆ ನಾನೇ.

ನಾನು ಓದಿ ಹೇಳಿದ್ದನ್ನು ಅವ್ವ ಪೂರ್ತಿ ಕೇಳಿಸಿಕೊಂಡಳು.

"ಮೊನ್ನೆ ಮೊನ್ನೆವರೆಗೂ ಎರಡೂ ಕಡೆ ಒಂದೇ ರಾಜನ ತಲೆ ಇತ್ತಲ್ವೇನೇ ದುಡ್ಡಿನ ಮೇಲೆ? ಅಲ್ಲಿ ಮಾತ್ರ ಹೆಂಗೆ ಒಂದಕ್ಕೆ ಒಂದೂವರೆ ಆಗುತ್ತೆ? ಯಾರನ್ನೋ ಕಟ್ಕೊಂಡಿದಾಳೆ ಮಾರಾಯ್ತಿ, ಅದಕ್ಕೇ ಈ ಕತೆ ಹೇಳ್ತಿದಾಳೆ."

ನನಗೂ ಹಾಗೇ ನಂಬಬೇಕು ಅನ್ನಿಸಿತು. ಸರ್ಕಾರದ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಅಕ್ಕನಾದರೆ ಕೈಗೆ ಸಿಗುತ್ತಿದ್ದಳು.

ಉತ್ತರ ಬರೆದವಳು ನಾನು. ಗಂಡನ ಹೊಟ್ಟೆ ತುಂಬಿಸಲು ನೀನು ತಂಗಿಯ ಓದು ಕಿತ್ತುಕೊಂಡೆ ಅಂತ ಬರೆದೆ. ಅಷ್ಟು ಅವ್ವ ಹೇಳಿಸಿದ್ದು. "ಇನ್ನು ನೀನು ನಮ್ಮ ಪಾಲಿಗೆ ಸತ್ತ ಹಾಗೆ" ಅನ್ನುವ ಕೊನೆಯ ಸಾಲು ಮಾತ್ರ ನನ್ನದೇ.

ಸ್ಟಾಂಪು ಕೊಳ್ಳಲು ಪೋಸ್ಟಾಫೀಸಿಗೆ ಹೋದೆ. ಕಿಟಕಿಯಲ್ಲಿ ಕೂತಿದ್ದ ಗುಮಾಸ್ತರು ವಿಳಾಸ ನೋಡಿದರು.

"ಕರಾಚಿಗಾ? ಕಾಗದ ಹೋಗುತ್ತಮ್ಮ. ದುಡ್ಡು ಮಾತ್ರ ಆ ಕಡೆಯಿಂದ ಬರಲ್ಲ, ಈ ಕಡೆಯಿಂದ ಹೋಗಲ್ಲ. ರೇಟು ಇತ್ಯರ್ಥ ಆಗೋವರೆಗೆ ಮನಿಯಾರ್ಡರ್ ಬಂದ್. ನಿಮ್ಮೋರು ಯಾರಾದ್ರೂ ಇದಾರಾ ಅಲ್ಲಿ?"

ಇಲ್ಲ ಅಂದೆ.

ಹೊರಗೆ ಬಂದು ಕೆಂಪು ಡಬ್ಬಿಯ ಮುಂದೆ ನಿಂತಿದ್ದೇನೆ. ಕವರು ಕೈಯಲ್ಲಿದೆ. ಅಕ್ಕ ಹೇಳಿದ್ದು ಅಕ್ಷರಶಃ ನಿಜ ಅಂತ ಈಗ ನನಗೆ ಗೊತ್ತಿದೆ. ಹರಿದು ಹಾಕಬಹುದು, ಯಾರೂ ಕೇಳುವುದಿಲ್ಲ.

ಬೂದಿಗೆ ಒಡೆದ ಬೆರಳುಗಳು ಉರಿಯುತ್ತಿವೆ. ನನ್ನ ಜೊತೆಯವರೆಲ್ಲ ಈ ಹೊತ್ತಿಗೆ ಕ್ಲಾಸಿನಲ್ಲಿರುತ್ತಾರೆ. ಇಷ್ಟೆಲ್ಲ ಆದಮೇಲೆ ಯಾರಿಗಾದರೂ ನೋವಾಗಲೇಬೇಕು ಅನ್ನಿಸುತ್ತದೆ...

ಕವರನ್ನು ಡಬ್ಬಿಗೆ ಹಾಕಿದೆ.

ಮನೆಗೆ ಬಂದು ಅವ್ವನಿಗೆ ಗುಮಾಸ್ತರ ಮಾತು ಹೇಳಲಿಲ್ಲ. ಆಮೇಲೆ ಯಾವತ್ತೂ ಹೇಳಲಿಲ್ಲ.

ವರ್ಷದ ಮೇಲಾಯಿತು, ಅಕ್ಕನಿಂದ ಒಂದು ಕಾಗದವಿಲ್ಲ. ಕೊನೆಗೆ ಭಾರತ ಆ ರೇಟು ಒಪ್ಪಿಕೊಂಡಿತಂತೆ. ಒಂದು ದಿನ ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದು ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು ಎಪ್ಪತ್ತೆರಡು ರೂಪಾಯಿ ಕೊಟ್ಟರು.

ಅಕ್ಕ ಅಲ್ಲಿ ಕಟ್ಟಿದ್ದು ಎಂದಿನ ಐವತ್ತೇ.

"ಐವತ್ತು ಕೊಟ್ರೆ ಎಪ್ಪತ್ತೆರಡು ಬರುತ್ತೆ ಕಣ್ರೀ ನಮ್ಮ ಲೂಸಿ ಊರಲ್ಲಿ!" ಅವ್ವ ಓಣಿಯ ತುಂಬ ಹೇಳಿಕೊಂಡು ಬಂದಳು. ಒಂದೇ ರೂಪಾಯಿ ಒಂದೂವರೆ ಹೇಗಾಯಿತು ಅಂತ ಆವತ್ತು ಅವಳು ಯಾರನ್ನೂ ಕೇಳಲಿಲ್ಲ.

ಮನಿಯಾರ್ಡರ್ ಫಾರಮ್ಮಿನ ತುದಿಯಲ್ಲಿ ಎರಡು ಮಾತು ಬರೆಯಲು ಜಾಗ ಇರುತ್ತದೆ, ಆ ಚೂರನ್ನು ಹರಿದು ನಮಗೇ ಕೊಡುತ್ತಾರೆ. ಅಕ್ಕನ ಚೂರು ಖಾಲಿ ಇತ್ತು. ಮುಂದಿನ ತಿಂಗಳೂ ಖಾಲಿ. ಅದರ ಮುಂದಿನ ತಿಂಗಳೂ.

ನಾನು ಮತ್ತೆ ಸ್ಕೂಲಿಗೆ ಹೋಗಲಿಲ್ಲ. ಅಷ್ಟರಲ್ಲಿ ಮದುವೆಯ ಮಾತು ನಡೆದಿತ್ತು, ಆ ದುಡ್ಡಿನಲ್ಲೇ ಮದುವೆಯೂ ಆಯಿತು. ಅಕ್ಕನಿಗೆ ತಿಳಿಸಿ ಬರೆಯುವ ಧೈರ್ಯ ನನಗಾಗಲಿಲ್ಲ.

1955ರಲ್ಲಿ ಪಾಕಿಸ್ತಾನವೂ ತನ್ನ ರೂಪಾಯಿ ಇಳಿಸಿತು. ಎಪ್ಪತ್ತೆರಡು ಮತ್ತೆ ಐವತ್ತಾಯಿತು. ಅವ್ವ ಅದಕ್ಕೂ ಅಕ್ಕನನ್ನೇ ಬೈದಳು, ಮಿಕ್ಕಿದ್ದನ್ನು ಅಲ್ಲೇ ಹಿಡಿದುಕೊಂಡಿದ್ದಾಳೆ ಅಂತ. ಹಾಗೇ ಬೈಯುತ್ತಲೇ ಸತ್ತಳು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

1965ರ ಯುದ್ಧದ ಹೊತ್ತಿಗೆ ದುಡ್ಡೂ ನಿಂತಿತು. ಅಕ್ಕ ಯಾವಾಗ ಹೋದಳು, ಎಲ್ಲಿ ಮಣ್ಣು ಮಾಡಿದರು, ಮದುವೆಯಾದರೂ ಆಗಿದ್ದಳೋ ಇಲ್ಲವೋ... ನನಗೆ ಇವತ್ತಿಗೂ ಗೊತ್ತಿಲ್ಲ.

ನನಗೀಗ ತೊಂಬತ್ತು ದಾಟಿದೆ. ನಾನು ಹೇಳಿದ್ದನ್ನೆಲ್ಲ ಮೊಮ್ಮಗಳು ಫೋನಿನಲ್ಲಿ ಟೈಪ್ ಮಾಡಿ ಹಾಕುತ್ತಿದ್ದಾಳೆ. ಅವಳಿಗೂ ಇದು ಇವತ್ತೇ ಗೊತ್ತಾಗಿದ್ದು.

ನಿಜ ಗೊತ್ತಿದ್ದೂ ಡಬ್ಬಿಗೆ ಹಾಕಿದ ಕಾಗದಕ್ಕೆ, ಓದಿದವಳೇ ಇಲ್ಲದ ಮೇಲೆ, ಯಾರ ಹತ್ತಿರ ಕ್ಷಮೆ ಕೇಳಬೇಕು ಹೇಳಿ?