ನಾಲ್ಕರ ಗೆರೆ

ಮೊನ್ನೆ ಜತ್ತದ ಬಸ್ಸಿನಲ್ಲಿ, ಆ ಬಿಸಿಲಿಗೆ, ಜೇಬಿನ ಪೆನ್ನು ಸೋರಿತು. ಅಂಗಿಯ ಮೇಲೆ ಹರಡುತ್ತಿದ್ದ ನೀಲಿ ಕಂಡು ಪಕ್ಕದವರು ನಕ್ಕರು. ನನ್ನ ಎದೆ ಧಸಕ್ಕೆಂದಿತು. ಶಾಯಿಗೆ ಹೆದರುವ ಗಂಡಸು ಎಂದು ನೀವೂ ನಗಬಹುದು. ಆದರೆ ಒಂದು ಗೆರೆಯ ಶಾಯಿಗಾಗಿ ನಮ್ಮ ಮನೆ ಕೆಲವು ವರ್ಷಗಳ ಹಿಂದೆ ತಿಂಗಳುಗಟ್ಟಲೆ ಉಸಿರು ಹಿಡಿದು ಕೂತಿತ್ತು.

ಅಕ್ಕ ಆಗ ಗಡಿಭಾಗದ ಸಂಖದ ಕಡೆಯ ಒಂದು ಕನ್ನಡ ಶಾಲೆಯ ಮುಖ್ಯಾಧ್ಯಾಪಕಿ; ಊರವರಿಗೆಲ್ಲ 'ಬಾಯಿ'. ಒಂಬತ್ತನೆಯ ತರಗತಿಯ ಮಹಾದೇವಿಗೆ ಮನೆಯವರು ಗಂಡು ಗೊತ್ತುಮಾಡಿದಾಗ, ಹುಡುಗಿಗೆ ಹದಿನೈದೇ ವರ್ಷವೆಂದು ಪೊಲೀಸರಿಗೆ ತಿಳಿಸಿ ಮದುವೆ ನಿಲ್ಲಿಸಿದಳು. ಕೆಲವೇ ದಿನಗಳಲ್ಲಿ ಹುಡುಗಿಯ ಸೋದರಮಾವ ಶಾಲೆಗೇ ಬಂದ. ದಾಖಲಾತಿ ಪುಸ್ತಕ ತೆರೆಸಿ, ಅವಳು ಹುಟ್ಟಿದ ವರ್ಷದ ಕೊನೆಯ ಅಂಕಿ, ಇಂಗ್ಲಿಷಿನ 4ರ ಮೇಲೆ ಬೆರಳಿಟ್ಟ.

"ಇದು ಒಂದು ಇತ್ರಿ ಬಾಯಿ. ಮಗ್ಗಲಕ ಗೆರಿ ಎಳದು ನೀವ ನಾಕು ಮಾಡೀರಿ. ನಮ್ಮ ಹುಡುಗಿಗೆ ಹದಿನೆಂಟು ತುಂಬ್ಯಾವ. ಸಾಲಿಗೆ ತಡಾ ಮಾಡಿ ಹಾಕೇವಿ, ಅಷ್ಟ."

ಆ ಗೆರೆ ನಿಜಕ್ಕೂ ತುಸು ದಪ್ಪವಾಗಿತ್ತು. ಅದನ್ನು ಬರೆದ ಹಳೆಯ ಹೆಡ್‌ಮಾಸ್ತರು ತೀರಿಕೊಂಡಿದ್ದರು. ಪುಸ್ತಕವಿಡುವ ಕಪಾಟಿನ ಕೀಲಿ ಇದ್ದದ್ದು ಅಕ್ಕನ ಬಳಿ. ಅಕ್ಕನೇ ತಿದ್ದಿದಳೆಂದು ದೂರು ದಾಖಲಾಯಿತು; ಪುಸ್ತಕವೂ ಅಕ್ಕನ ಪೆನ್ನುಗಳೂ ಪ್ರಯೋಗಾಲಯಕ್ಕೆ ಹೋದವು.

ನಾನು ಜತ್ತದಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯ ಇಮ್ತಿಯಾಜನ ಬಳಿ ಓಡಿದೆ.

"ಕಣ್ಣಿಗೆ ಎಲ್ಲಾ ನೀಲಿನ. ಲೇಸರ್ ಬೆಳಕು ಬಿಟ್ರ ಒಂದೊಂದು ಶಾಯಿ ಒಂದೊಂದು ಥರಾ ಬೆಳಕು ತಿರುಗಿ ಕೊಡತೈತಿ. ಅದನ್ನ ನೋಡಿ ಎರಡು ಗೆರಿ ಶಾಯಿ ಒಂದೋ ಬ್ಯಾರೆನೋ ಅಂತ ಹೇಳತಾರ," ಎಂದ.

"ಹಂಗಾದ್ರ ಅಕ್ಕ ಪಾರಾದ್ಲು!"

"ಅಕ್ಕನ ಪೆನ್ನಿನ ಶಾಯಿ, ಮಾಸ್ತರ ಶಾಯಿ ಒಂದ ಇದ್ರ? ಆಗ ಯಂತ್ರಾ ಏನೂ ಹೇಳಂಗಿಲ್ಲ."

ಕೇಳಬಾರದಿತ್ತು. ಪೇಟೆಯಲ್ಲಿದ್ದ ನೀಲಿ ಪೆನ್ನುಗಳನ್ನೆಲ್ಲ ತಂದು, ಗೆರೆ ಎಳೆದು, ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಎಲ್ಲವೂ ನೀಲಿಯೇ. ಅಕ್ಕ ಮಾತ್ರ ದಿನವೂ ಶಾಲೆಗೆ ಹೋದಳು. ಮಹಾದೇವಿ ಬಂದಿದ್ದಾಳೆಯೇ ಎಂದು ಮೊದಲು ನೋಡುತ್ತಿದ್ದಳಂತೆ.

"ನನ್ನ ನೌಕರಿ ಹೋದ್ರ ಹೋಗಲಿ," ಅಂದಳು ಒಮ್ಮೆ, ಊಟ ಬಿಟ್ಟು. "ಆಮ್ಯಾಲ ಆಕಿನ್ನ ಯಾರ ಕಾಯತಾರ?"

ಕೊನೆಗೆ ವರದಿ ಬಂತು. ಅಂಕಿಯ ಎರಡೂ ಗೆರೆಗಳ ಶಾಯಿ ಒಂದೇ. ಅದೇ ಪುಟದಲ್ಲಿ ಹಳೆಯ ಮಾಸ್ತರು ಬರೆದ ಉಳಿದ ಸಾಲುಗಳದೂ ಅದೇ. ಅಕ್ಕನ ಯಾವ ಪೆನ್ನಿಗೂ ಅದು ಹೊಂದಲಿಲ್ಲ. ದೂರು ಬಿದ್ದುಹೋಯಿತು, ಮದುವೆಯೂ. ನಾನು ಊರೆಲ್ಲ ಪೇಢೆ ಹಂಚಿದೆ. ಅಕ್ಕ ಕಂಬಕ್ಕೆ ಒರಗಿ ಕೂತೇ ಇದ್ದಳು.

ಮೊನ್ನೆ ಬಸ್ಸಿಳಿದು ಶೇಗಾಂವದ ನಮ್ಮ ಮನೆಗೆ ಬಂದರೆ ಮಹಾದೇವಿ ಬಂದಿದ್ದಳು. ಮಿರಜಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅಕ್ಕನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಿದ್ದಳು.

"ಭಾಳ ಐತ್ರಿ ಬಾಯಿ. ಯಾಕಿಷ್ಟು ಚಿಂತಿ ಮಾಡತೀರಿ?"

"ಈಗೆಲ್ಲಿ ಚಿಂತಿ ಐತವ್ವಾ? ಅದು ಆ ವರ್ಷ ಏರಿದ್ದು. ಇಳೀಲೇ ಇಲ್ಲ."

ಗೆದ್ದೆವೆಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ ನಾನು ಬಾಗಿಲಲ್ಲೇ ನಿಂತೆ.  ಮಹಾದೇವಿ ಪಟ್ಟಿ ಬಿಚ್ಚಿದ ಮೇಲೂ ಅಕ್ಕನ ಕೈ ಬಿಡಲಿಲ್ಲ.