ಬೆಳ್ಳಿಯ ಟ್ರೇಲರಿಗೆ ಎರಡು ನಂಬರು

ಚಳ್ಳಕೆರೆಯ ಹೊರವಲಯದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಯಕ್ಕ ಟ್ರೇಲರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅದರ ಬೆನ್ನಿಗಿದ್ದ ತಗಡಿನ ಹಲಗೆಯನ್ನು ಬಿಚ್ಚುತ್ತಿದ್ದಾರೆ. ಬೇವಿನ ಮರಕ್ಕೆ ಕಟ್ಟಿದ ಬಿಳಿ ಕುದುರೆ ಬೆಳ್ಳಿ ಅತ್ತಲೇ ನೋಡುತ್ತಿದೆ. ಇವತ್ತು ಮೊಳಕಾಲ್ಮುರಿನಲ್ಲಿ ಮದುವೆ. ಮದುಮಗನ ಮೆರವಣಿಗೆಗೆ ಬೆಳ್ಳಿ ಹೋಗಬೇಕು.

ಅವರ ಜೀಪು ನಿನ್ನೆ ಕೈಕೊಟ್ಟಿದೆ. ಮೈದುನ ಎರ್ರಿಸ್ವಾಮಿ ಪಕ್ಕದ ಓಣಿಯವರ ಜೀಪು ತಂದು ಟ್ರೇಲರಿಗೆ ಜೋಡಿಸಿಯೂ ಆಯಿತು. ಹೊರಡುವುದೊಂದೇ ಬಾಕಿ. ಆದರೆ ಜಯಕ್ಕ ಹೊರಡುವುದಿಲ್ಲ.

ಟ್ರೇಲರಿಗೂ ಒಂದು ನೋಂದಣಿ ಸಂಖ್ಯೆ ಇರುತ್ತದೆ, ಅದು ಪಕ್ಕದಲ್ಲಿರಬೇಕು. ಹಿಂಬದಿಯಲ್ಲಿ ಇರಬೇಕಾದದ್ದು ಎಳೆಯುವ ಗಾಡಿಯ ಸಂಖ್ಯೆ. ಗಾಡಿ ಬದಲಾದರೆ ಹಲಗೆಯೂ ಬದಲಾಗಬೇಕು.

"ಅತ್ತಿಗೆ, ನೀವು ಹಿಂಗೇ ಚಿತ್ರ ಬರೀತಾ ಕುಂತ್ರೆ ಮದುಮಗನಿಗೆ ಮಗು ಆಗ್ತೈತೆ" ಎಂದು ಎರ್ರಿಸ್ವಾಮಿ ಗೊಣಗುತ್ತಾರೆ.

ಜಯಕ್ಕ ಹಳೆಯ ಅಂಕಿಗಳ ಮೇಲೆ ಬಣ್ಣ ಬಳಿದು, ಹಲಗೆಯನ್ನು ಗಾಳಿಗೆ ಹಿಡಿಯುತ್ತಾರೆ.

ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನಲ್ಲಿ ಅಪ್ಪನ ಕುರಿಮಂದೆಯ ಹಿಂದೆ, ಹೇರು ಹೊತ್ತ ಕುದುರೆಯ ಮೇಲೆ ಕೂತು ಬೆಳೆದವರು ಇವರು. ಮದುವೆಗಳಿಗೆ ಹಿಂದೆಲ್ಲ ಬೆಳ್ಳಿಯನ್ನು ನಡೆಸಿಕೊಂಡೇ ಹೋಗುತ್ತಿದ್ದರು. ಲಾರಿಗಳ ಕಾಟಕ್ಕೆ ಹೆದರಿ ಟ್ರೇಲರ್ ಕೊಂಡರು. ಎಡವಿದ್ದು ಅಲ್ಲೇ. "ಅದಕ್ಕೆ ಅದ್ರದ್ದೇ ನಂಬರ್ ಐತಲ್ಲ ಅಂತ ಪಕ್ಕಕ್ಕೂ ಹಿಂದಕ್ಕೂ ಅದನ್ನೇ ಚೆಂದಾಗಿ ಬರೆಸಿದ್ದೆ" ಎನ್ನುತ್ತಾರೆ. ಹೋದ ಬೇಸಿಗೆ ದಾರಿಯಲ್ಲಿ ಪೊಲೀಸರು ತಡೆದರು. ಕಾಗದ ತರಿಸಿ, ಹಿಂದಿನ ನಂಬರು ತಪ್ಪೆಂದು ತಿಳಿದು, ಬಿಡಿಸಿಕೊಳ್ಳುವಷ್ಟರಲ್ಲಿ ಮಧ್ಯಾಹ್ನ. ನೆರಳಿಲ್ಲದ ರಸ್ತೆಯಲ್ಲಿ ನಿಂತಿದ್ದ ಬೆಳ್ಳಿ ಕುಸಿದುಬಿತ್ತು. ಹೊಟ್ಟೆಯಲ್ಲಿದ್ದ ಮರಿ ಉಳಿಯಲಿಲ್ಲ.

ಈಗ ಬೆಳ್ಳಿ ಮತ್ತೆ ಗಬ್ಬ. ಇನ್ನೂ ಎಳೆ ತಿಂಗಳು.

ಮದುಮಗನ ತಂದೆ ಚಿತ್ತಪ್ಪನವರ ಫೋನು ಬರುತ್ತದೆ. ತಡವಾದರೆ ಹೂವು ಕಟ್ಟಿದ ಕಾರು ತರಿಸುತ್ತೇವೆ, ಮುಂದೆ ನಮ್ಮ ಕಡೆಯವರ್ಯಾರೂ ನಿಮ್ಮನ್ನು ಕರೆಯುವುದಿಲ್ಲ ಎನ್ನುತ್ತಾರೆ ಅವರು. ಆ ಕಡೆಯ ಮದುವೆಗಳೇ ಜಯಕ್ಕನ ಅನ್ನ. ಆದರೂ ದನಿ ಏರುವುದಿಲ್ಲ. "ಕಾರು ತರಿಸೋದಾದ್ರೆ ತರಿಸ್ರಿ. ದಾರೀಲಿ ಹಿಡಿದ್ರೆ ದಂಡ ನಾನು ಕಟ್ತೀನಿ. ಆದ್ರೆ ಬಿಸಿಲಿಗೆ ನಿಲ್ಲೋಳು ಬೆಳ್ಳಿ."

ಬಣ್ಣ ಒಣಗುತ್ತದೆ. ಹೊಸ ಜೀಪಿನ ಸಂಖ್ಯೆಯನ್ನು ಒಂದೊಂದೇ ಅಂಕಿ ನೋಡಿ ಬರೆದು, ಹಲಗೆ ಬಿಗಿಯುತ್ತಾರೆ. ಒಳಗೆ ಹಳೆಯ ಕಂಬಳಿ ಹಾಸುತ್ತಾರೆ. ಅದರಲ್ಲಿ ತನ್ನ ವಾಸನೆ ಮೂಸಿದ ಮೇಲಷ್ಟೇ ಬೆಳ್ಳಿ ಕಾಲಿಡುವುದು. ದಾರಿಯುದ್ದಕ್ಕೂ ಎರ್ರಿಸ್ವಾಮಿಗೆ ಜೋರಾಗಿ ಓಡಿಸಲು ಬಿಡುವುದಿಲ್ಲ. ಒಂದು ಕಡೆ ಪೊಲೀಸರು ತಡೆಯುತ್ತಾರೆ. ಪಕ್ಕ ನೋಡಿ, ಹಿಂದೆ ನೋಡಿ, ಕೈಬೀಸಿ ಕಳಿಸುತ್ತಾರೆ.

ಮೊಳಕಾಲ್ಮುರಿನಲ್ಲಿ ಓಲಗ ಆಗಲೇ ಶುರುವಾಗಿದೆ. ಕಾರು ಬಂದಿಲ್ಲ, ಕುದುರೆಯೇ ಬೇಕೆಂದು ಮದುಮಗ ಹಟ ಹಿಡಿದು ಕೂತಿದ್ದಾನೆ. ಕೆಳಗಿಳಿದ ಬೆಳ್ಳಿಯ ಮೈಯಲ್ಲಿ ಬೆವರಿನ ಹನಿಯಿಲ್ಲ. ಬೇಗ, ಬೇಗ ಎಂದು ಚಿತ್ತಪ್ಪ ಲಗಾಮಿಗೆ ಕೈಹಾಕುತ್ತಾರೆ. ಜಯಕ್ಕ ಆ ಕೈಯನ್ನು ಮೆಲ್ಲಗೆ ಸರಿಸಿ, ಬಕೆಟ್ ತಂದಿಡುತ್ತಾರೆ.

"ಮೊದ್ಲು ಅವಳು ನೀರು ಕುಡೀಲಿ. ಮದುಮಗ ಆಮೇಲೆ ಹತ್ತಲಿ."