ಚೌಕಾಶಿಗೆ ಬಗ್ಗದ ವೀಸಾ

ಹಾನುಬಾಳಿನ ಫೋನ್ ಬೂತಿಗೆ ನಾನು ಕೊಡಿಸಿದ ಪ್ಲಾಸ್ಟಿಕ್ ಕುರ್ಚಿಗೆ ನೂರ ಎಂಬತ್ತು ರೂಪಾಯಿ ಬಿತ್ತು. ಸಕಲೇಶಪುರದ ಅಂಗಡಿಯವನು ಹೇಳಿದ್ದು ಇನ್ನೂರ ಮೂವತ್ತು. ಕುರ್ಚಿಯ ಕೈ ಮೇಲೆ ಅವನ ಕಣ್ಣಿಗೇ ಕಾಣದ ಒಂದು ಗೀರನ್ನು ಶೋಧಿಸಿ, ಅದು ನಾಳೆ ಸೀಳಾಗಿ ಯಾವ ಪಾಪದವರ ತೋಳಿಗೆ ಚುಚ್ಚುವುದೋ ಎಂದು ಮರುಗಿ, ಅರ್ಧ ಗಂಟೆಯ ವಾಗ್ಯುದ್ಧದಲ್ಲಿ ಐವತ್ತು ಇಳಿಸಿದೆ. ಪರರ ಅಂಗಡಿಗೆ ಸ್ವಂತ ದುಡ್ಡಿನಲ್ಲಿ ಆಸನದಾನ ಮಾಡುವಷ್ಟು ಉದಾರಿ ನಾನಲ್ಲವೆಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಆದರೆ ಆ ಬೂತಿನಲ್ಲಿ ಕೂರಲು ಇದ್ದದ್ದು ಸೋಡಾ ಬಾಟಲಿಗಳ ಒಂದು ಮರದ ಕ್ರೇಟು. ದಿನವೂ ಬೆಳಿಗ್ಗೆ ಅದರ ಮೇಲೆ ಆಸೀನನಾಗಿ, ಒಂದು ಇಡೀ ದೇಶ ತನ್ನ ಬಾಗಿಲು ತೆರೆಯುವುದನ್ನು ಕಾಯುವ ಯೋಗ ನನ್ನ ಜಾತಕದಲ್ಲಿತ್ತು. ತಪಸ್ಸಿಗೆ ಕೂತವರಿಗೆ ಹುಲಿಚರ್ಮವಾದರೂ ಇರುತ್ತದೆ. ನನಗೆ ಕ್ರೇಟಿನ ಪಟ್ಟಿಗಳು ಶರೀರದ ಹೇಳಬಾರದ ಭಾಗದಲ್ಲಿ ಮುದ್ರೆ ಒತ್ತಲಾರಂಭಿಸಿದ ಮೇಲೆ ಕುರ್ಚಿ ಅನಿವಾರ್ಯವಾಯಿತು.

ಕಾದದ್ದು ಯಾರಿಗಾಗಿ ಎಂದು ನೀವು ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ: ಹೆಂಡತಿಗಾಗಿ. ಶೈಲಾ ಮಗ್ಗೆಯವಳು, ಹಾಸನದಲ್ಲಿ ನರ್ಸಿಂಗ್ ಓದಿ, ಅಲ್ಲಿಯೇ ಕೆಲಸ ಮಾಡುತ್ತಿದ್ದವಳು. ನಮ್ಮ ಮದುವೆಯಾಗಿ ಬಾಗಿಲ ತೋರಣ ಒಣಗುವಷ್ಟರಲ್ಲಿ ಅವಳಿಗೆ ಸಮುದ್ರದಾಚೆಯ ಆಸ್ಪತ್ರೆಯೊಂದರಿಂದ ಕರೆ ಬಂತು. ಮದುವೆಗೂ ಮೊದಲೇ ಬರೆದಿದ್ದ ಪರೀಕ್ಷೆಯ ಫಲ ಅದು. ಅವಳು ಮೊದಲು ಹೋಗುವುದು, ಹಿಂದೆಯೇ ಗಂಡನೆಂಬ ಅರ್ಹತೆಯೊಂದನ್ನೇ ಹೊತ್ತು ನಾನು ಹೋಗುವುದು, ಮೆಣಸಿನ ವ್ಯಾಪಾರವನ್ನು ನನ್ನ ತಮ್ಮ ನೋಡಿಕೊಳ್ಳುವುದು ಎಂದು ತೀರ್ಮಾನವಾಯಿತು. ಅವಳು ಹೋದಳು. ನನ್ನ ಅರ್ಜಿಗೆ ಚೆನ್ನೈನಲ್ಲಿ ಸಂದರ್ಶನದ ದಿನ ಗೊತ್ತುಮಾಡಿಕೊಳ್ಳಬೇಕೆನ್ನುವ ಹೊತ್ತಿಗೆ, ನಿಯಮಗಳು ಬದಲಾಗುತ್ತಿರುವುದರಿಂದ ಮುಂದಿನ ಸೂಚನೆಯವರೆಗೆ ಯಾರಿಗೂ ದಿನ ಕೊಡುವುದಿಲ್ಲವೆಂದು ಅಲ್ಲಿಯ ವೀಸಾ ಕಚೇರಿಯವರು ಕಿಟಕಿ ಮುಚ್ಚಿದರು. ದೇಶದ ಹೆಸರು ಇಲ್ಲಿ ಬೇಡ. ಮುಂದೆ ಕೆಲವು ವರ್ಷ ನಮಗೆ ಅನ್ನ ಹಾಕಿದ ದೇಶ. ಕಾಯಿಸಿದ್ದಕ್ಕೆ ಅದರ ಹೆಸರು ಕೆಡಿಸುವುದು ವ್ಯಾಪಾರಧರ್ಮವಲ್ಲ.

ನನ್ನ ಧರ್ಮದ ವಿಷಯ ಬಂದದ್ದರಿಂದ ಅದನ್ನೂ ಸ್ವಲ್ಪ ವಿವರಿಸಬೇಕು. ಹತ್ತನೇ ತರಗತಿ ಮುಗಿಸಿ, ಹೆಗಲಿಗೊಂದು ಗೋಣಿಚೀಲ ಹಾಕಿಕೊಂಡು ತೋಟದ ಮನೆಗಳಿಗೆ ನಡೆದು ಹೋಗಿ ಕಾಳುಮೆಣಸು ಕೊಳ್ಳುತ್ತ ಮೇಲೆ ಬಂದವನು ನಾನು. ಈ ಕಸುಬಿನ ಪ್ರಥಮ ಸೂತ್ರವೆಂದರೆ, ಬೇಕಾದ ಮಾಲನ್ನು ಬೇಡವೆಂಬಂತೆ ನೋಡುವುದು. ಒಂದು ಹಿಡಿ ಮೆಣಸನ್ನು ಅಂಗೈಯಲ್ಲಿ ಉಜ್ಜಿ, ಉಫ್ ಎಂದು ಊದಿ, ಹತ್ತಿರದ ಬಂಧುವಿಗೆ ಕಾಯಿಲೆಯೆಂದು ಕೇಳಿದವನಂತೆ ಮುಖ ಮಾಡಿ, "ಜೊಳ್ಳು ಜಾಸ್ತಿ ಐತೆ" ಎನ್ನಬೇಕು. ಬೆಲೆ ಇಳಿಯದಿದ್ದರೆ, "ಬ್ಯಾಡ ಬುಡಿ, ಇನ್ನೊಂದ್ ದಪ ನೋಡಾಣ" ಎಂದು ಚೀಲ ಕೊಡವಿ ಎದ್ದು ಹೊರಡಬೇಕು. ಅಂಗಳದ ತುದಿ ಮುಟ್ಟುವಷ್ಟರಲ್ಲಿ ಹಿಂದಿನಿಂದ, "ಏ, ಎಲ್ಲಿಗ್ ಹೊಂಟ್ರಿ, ಬನ್ನಿ ಬನ್ನಿ" ಎಂಬ ದನಿ ಬಂದೇ ಬರುತ್ತದೆ. ಹಿಂದಿರುಗಿ ನೋಡದೆ ಆ ದನಿಗಾಗಿ ಕಾಯುವ ಕಲೆಯಲ್ಲೇ ವ್ಯಾಪಾರಿಯ ಜೀವನ ನಿಂತಿದೆ.

ತೊಂದರೆಯೆಂದರೆ, ಕಸುಬಿನ ಮುಖ ಮನೆಗೆ ಬಂದ ಮೇಲೂ ಕಳಚುವುದಿಲ್ಲ. ಹೆಣ್ಣು ನೋಡಲು ಮಗ್ಗೆಗೆ ಹೋದಾಗ ತಟ್ಟೆಯಲ್ಲಿ ಉಪ್ಪಿಟ್ಟು ಬಂತು. ಹೇಗಿದೆಯೆಂದು ಅವಳ ತಂದೆ ಕೇಳಿದ್ದಕ್ಕೆ "ಪರವಾಗಿಲ್ಲ" ಎಂದೆ. ನನ್ನ ಶಬ್ದಕೋಶದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಒಳಗಿನಿಂದ ಹೆಣ್ಣಿನ ದನಿ ಕೇಳಿಸಿತು: "ಪರವಾಗಿಲ್ಲ ಅನ್ನೋರು ಎರಡನೇ ತಟ್ಟೆ ಯಾಕ್ ಹಾಕುಸ್ಕೊಂಡ್ರಂತೆ?" ಈ ಹೆಣ್ಣನ್ನು ಬಿಟ್ಟರೆ ನನಗೆ ಗತಿಯಿಲ್ಲವೆಂದು ಆ ಕ್ಷಣದಲ್ಲೇ ಮನಸ್ಸಿಗೆ ಖಚಿತವಾಯಿತು, ಬಾಯಿ ಮಾತ್ರ, "ಯೋಚ್ನೆ ಮಾಡಿ ಹೇಳ್ತೀವಿ" ಎಂದಿತು.

ಇರಲಿ, ಬೂತಿಗೆ ಬರೋಣ. ಬೂತಿನ ಒಡತಿ ಗಂಗಕ್ಕ. ಗಾಜಿನ ಡಬ್ಬಿಯಂಥ ಆ ಕೋಣೆಯ ಮುಂದೆಯೇ ಬಾಳೆಹಣ್ಣು, ಬೀಡಿ, ಸೋಡಾ ಇಟ್ಟುಕೊಂಡು ಬಸ್ ನಿಲ್ದಾಣದ ಅರ್ಧ ಸಂಸಾರವನ್ನು ನಡೆಸುತ್ತಿದ್ದ ಹೆಂಗಸು. ಮೊಬೈಲು ಹಾಸನದವರ ಜೇಬಿಗೆ ಬಂದಿದ್ದರೂ ನಮ್ಮ ಗುಡ್ಡಗಳನ್ನು ಹತ್ತಲು ಅದಕ್ಕಿನ್ನೂ ಉಸಿರು ಸಾಲದಿದ್ದ ಕಾಲ. ಮೊದಲ ದಿನ ಚೆನ್ನೈಗೆ ಫೋನು ಹಚ್ಚಿದಾಗ ಆ ಕಡೆಯಿಂದ ಮಧುರ ಸ್ತ್ರೀಕಂಠವೊಂದು ಇಂಗ್ಲಿಷಿನಲ್ಲಿ ಸ್ವಾಗತಿಸಿತು. ನಾನು ಎದ್ದು ನಿಂತು, "ಗುಡ್ ಮಾರ್ನಿಂಗ್ ಮೇಡಂ" ಎಂದು ಆರಂಭಿಸಿ, ಮದುವೆಯ ವೃತ್ತಾಂತವನ್ನು ಅರ್ಧ ಹೇಳುವಷ್ಟರಲ್ಲಿ ಆಕೆ ನನ್ನನ್ನು ಲೆಕ್ಕಿಸದೆ ಅದೇ ಮಾತನ್ನು ಅದೇ ರಾಗದಲ್ಲಿ ಮತ್ತೆ ಹೇಳಿದಳು. ಗಂಗಕ್ಕ ನಕ್ಕು ನಕ್ಕು ಬಾಳೆಗೊನೆ ಹಿಡಿದುಕೊಂಡಳು.

"ಅದು ಟೇಪು ಕಣಪ್ಪ! ಟೇಪಿನ್ ತಾವ ಕಷ್ಟ ಸುಖ ಹೇಳ್ಕತಾ ಕುಂತವ್ನೆ ನೋಡು!"

ಆ ಟೇಪು ಹೇಳುತ್ತಿದ್ದದ್ದು ಇಷ್ಟೇ: ಸದ್ಯಕ್ಕೆ ದಿನಗಳು ಲಭ್ಯವಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ. ನಾನು ಮತ್ತೆ ಪ್ರಯತ್ನಿಸಿದೆ. ಮಳೆಗಾಲ ಮುಗಿಯಿತು, ಕಾಫಿ ಕೊಯ್ಲು ಬಂತು, ನಾನು ಪ್ರಯತ್ನಿಸುತ್ತಲೇ ಇದ್ದೆ. ನೋಡುನೋಡುತ್ತಿದ್ದಂತೆ ನನ್ನ ವಿರಹ ಸಾರ್ವಜನಿಕ ಆಸ್ತಿಯಾಯಿತು. ಜೀಪಿನವರು ಹಾರನ್ ಹೊಡೆದು, "ಏನಣ್ಣ, ಗೇಟ್ ತೆಗುದ್ರಾ?" ಎನ್ನುವರು. ಬಸ್ಸಿನ ಕಂಡಕ್ಟರ್, ರೈಟ್ ಎನ್ನುವ ಮುಂಚೆ ಕಿಟಕಿಯಿಂದ ಬಗ್ಗಿ ನನ್ನ ಮುಖ ನೋಡುವನು. "ಎಲ್ರೂ ಗಂಡ ದುಬೈಗೋದ ಅಂತ ಕಾಯ್ತರೆ, ಇವ್ನೊಬ್ಬ ಉಲ್ಟಾ ಹುಟ್ಟವ್ನೆ" ಎಂದು ಬೀಡಿಗೆ ಬಂದ ಮುದುಕರೊಬ್ಬರು ನನ್ನೆದುರೇ ಷರಾ ಬರೆದರು. ಹಾಸ್ಯವೇ ಸರಿ, ಆದರೆ ಇಂದು ಯೋಚಿಸಿದರೆ, ತನ್ನ ದುಃಖವನ್ನು ದಿನಾ ವಿಚಾರಿಸುವ ಒಂದು ಊರು ಇರುವವನಿಗೆ ನಿಜಕ್ಕೂ ದುಃಖಿಯಾಗಲು ಪುರುಸೊತ್ತೇ ಸಿಗುವುದಿಲ್ಲ.

ಭಾನುವಾರ ಸಂಜೆ ಶೈಲಾ ಅದೇ ಬೂತಿಗೆ ಫೋನು ಮಾಡುತ್ತಿದ್ದಳು. ಭಾನುವಾರ ಎಸ್ಟೇಟಿನ ಲೈನ್‌ಮನೆಗಳ ಕೂಲಿಯವರಿಗೂ ಸಂತೆಯ ದಿನವಾದ್ದರಿಂದ ನನ್ನ ಬೆನ್ನ ಹಿಂದೆ ಸದಾ ನಾಲ್ಕೈದು ಜನರ ಸಾಲು. ಇಂಥ ಸಭೆಯಲ್ಲಿ ಹೊಸ ಹೆಂಡತಿಯೊಡನೆ ಏನು ಮಾತಾಡುವುದು? ಊಟದ ವಿಚಾರ ಮುಗಿದ ಮೇಲೆ ಮೆಣಸಿನ ಧಾರಣೆ ಹೇಳುತ್ತಿದ್ದೆ.

"ನಾನೇನ್ ಮೆಣಸು ಕೊಳ್ಳೋಕ್ ಫೋನ್ ಮಾಡಿದೀನಾ?" ಎಂದಳು ಒಮ್ಮೆ. "ಇಲ್ಲಿ ರಾತ್ರಿ ಪಾಳಿ ಮುಗ್ಸಿ ರೂಮಿಗ್ ಬಂದ್ರೆ ಮಾತಾಡ್ಸೋಕ್ ಒಂದ್ ನರಪಿಳ್ಳೆ ಇಲ್ಲ. ನೀವ್ ನೋಡಿದ್ರೆ ರೇಟ್ ಹೇಳ್ತೀರ."

"ಹೋದ್ವಾರಕ್ಕಿಂತ ಏರೈತೆ ಅಂತ ಹೇಳ್ದೆ" ಎಂದೆ ನಾನು, ಪ್ರಣಯದ ಪರಾಕಾಷ್ಠೆಯಲ್ಲಿ.

ಸುಗ್ಗಿಯ ಹೊತ್ತಿಗೆ ಅವಳ ದನಿಯಲ್ಲಿ ಜಗಳವೂ ಉಳಿಯಲಿಲ್ಲ, ಅದೇ ನನ್ನನ್ನು ಹೆದರಿಸಿತು. ಬೇಸಿಗೆಗೆ ಅವಳ ಕರಾರು ಮುಗಿಯುತ್ತಿತ್ತು. "ಅಷ್ಟೊತ್ತಿಗೆ ನೀವ್ ಬಂದ್ರೆ ಮುಂದುವರಿಸ್ತೀನಿ. ಇಲ್ದಿದ್ರೆ ಬಿಟ್ಟು ಬಂದುಬಿಡ್ತೀನಿ. ಹಿಂಗೆ ಅರ್ಧ ಅಲ್ಲಿ ಅರ್ಧ ಇಲ್ಲಿ ಇರೋಕ್ ನನ್ ಕೈಲಾಗಲ್ಲ" ಎಂದಳು. ಬಂದರೆ ನನಗೇನು ನಷ್ಟ ಎಂದು ನೀವು ಕೇಳಬಹುದು. ಹಾಸನದಲ್ಲಿ ಹಗಲೆಲ್ಲ ವಾರ್ಡಿನಲ್ಲಿ ನಿಂತು, ಉಳಿದ ಹೊತ್ತಿನಲ್ಲಿ ಓದಿ, ಎರಡು ಸಲ ಬಿದ್ದು ಮೂರನೇ ಸಲಕ್ಕೆ ಗೆದ್ದು ಪಡೆದ ಕೆಲಸ ಅದು. ಅದನ್ನು ಅವಳು ನನಗಾಗಿ ಕೈಬಿಟ್ಟರೆ, ಮುಂದೆ ಅವಳು ಒಂದು ಮಾತೂ ಆಡದಿದ್ದರೂ ಆ ಲುಕ್ಸಾನು ನಮ್ಮ ಮನೆಯ ಮೂಲೆಯಲ್ಲಿ ಕೂತೇ ಇರುತ್ತಿತ್ತು. "ನೋಡಾಣ" ಎಂದು ಫೋನಿಟ್ಟೆ. ಗಂಗಕ್ಕ ನನ್ನ ಮುಖ ನೋಡಿದವಳು ಅಂದು ತಮಾಷೆ ಮಾಡಲಿಲ್ಲ.

"ನೀನ್ ಹೋಗು ಮಾರಾಯ, ಮೆಣಸಿನ್ ಕಾಲ" ಎಂದಳು ಮರುದಿನ. "ದಿನಾ ಇಲ್ಲಿ ಕುಂತ್ರೆ ಯಾಪಾರ ಮಾಡೋರ್ ಯಾರು? ನಾನೇ ನಂಬರ್ ಒತ್ತಿರ್ತೀನಿ. ಆ ಟೇಪ್‌ನೋಳ್ ಕುಟೆ ನಂಗೂ ಈಗ ಸ್ನೇಹ ಆಗೈತೆ."

ಹೀಗೆ ನಾನು ಹೆಗ್ಗದ್ದೆಯ ತೋಟವೊಂದರ ಕಣದಲ್ಲಿ, ಹಿಡಿ ಮೆಣಸು ಊದಿ ದುಃಖದ ಮುಖ ಮಾಡಿ ಕೂತಿದ್ದಾಗ, ಜೀಪಿನ ಪುಟ್ಟಣ್ಣ ಹಾರನ್ನಿನಿಂದ ಕೈ ತೆಗೆಯದೆ ಗುಡ್ಡ ಹತ್ತಿ ಬಂದ. ಇಳಿಯುವ ಮುಂಚೆಯೇ ಕೂಗಿದ: "ಲೋ ರುದ್ರೇಶ, ತೆಗುದ್ಬುಟ್ರಂತೆ ಕಣೋ! ಗಂಗಕ್ಕ ನಿನ್ ಹೆಸ್ರು ಬರ್ಸ್‌ಬುಟ್ಟವ್ಳೆ!" ನಾನು ಮೆಣಸನ್ನು ತೋಟದ ಯಜಮಾನರು ಹೇಳಿದ ಬೆಲೆಗೇ ಒಪ್ಪಿಕೊಂಡು ಎದ್ದೆ. ಅವರು ಗಾಬರಿಯಾಗಿ, "ಯಾಕಪ್ಪಾ, ಮೈಗ್ ಹುಷಾರಿಲ್ವಾ?" ಎಂದರು.

ಬೂತಿನಲ್ಲಿ ಗಂಗಕ್ಕ ಮಹಾರಾಣಿಯಂತೆ ನನ್ನ ಕುರ್ಚಿಯಲ್ಲಿ ಕೂತಿದ್ದಳು. ಆವತ್ತು ಟೇಪಿನ ಬದಲು ಮನುಷ್ಯರ ದನಿ ಬಂದಿತ್ತು. ಇಂಗ್ಲಿಷು ಬಾರದ ಗಂಗಕ್ಕ, ಎಸ್ಟೇಟ್ ಲೈನಿನ ತಮಿಳಿನವರಿಗೆ ಹಣ್ಣು ಮಾರುತ್ತ ಕಲಿತ ತಮಿಳನ್ನು ಧೈರ್ಯವಾಗಿ ಬಿಟ್ಟಿದ್ದಳು. ಆ ಕಡೆಯ ಗುಮಾಸ್ತನಿಗೆ ಅದರಿಂದಲೇ ಖುಷಿಯಾಗಿ, ನಾನು ಬೂತಿನ ಗೋಡೆಗೆ ಅಂಟಿಸಿಟ್ಟಿದ್ದ ಪಾಸ್‌ಪೋರ್ಟ್ ನಕಲನ್ನು ಆಕೆ ಒಂದೊಂದೇ ಅಂಕಿ ಓದುವವರೆಗೂ ಕಾದಿದ್ದನಂತೆ.

"ಬರೋ ಸೋಮವಾರ ಅಂದ, ಆಯ್ತು ಅಂದೆ."

"ಒಂದೆರಡ್ ದಿನ ಆದ್ಮೇಲೆ ಇಲ್ವಾ ಅಂತ ಕೇಳ್ಬಾರ್ದಿತ್ತಾ ಅಕ್ಕ? ರೈಲ್ ಟಿಕೇಟು..."

"ಕೇಳ್ತಾ ಕುಂತಿದ್ರೆ ಆ ಸೋಮವಾರನೂ ಇನ್ಯಾರ್ದೋ ಪಾಲಾಗದು. ನಿನ್ ಬುದ್ಧಿ ಗೊತ್ತಿದ್ದೇ ನಾನ್ ಒತ್ತಕ್ ಕುಂತಿದ್ದು, ಹೋಗು!" ಎಂದಳು. ಪರೀಕ್ಷೆಗೆಂದು ಮತ್ತೊಮ್ಮೆ ಹಚ್ಚಿದೆ. ಟೇಪಿನವಳು ತನ್ನ ಸ್ಥಾನಕ್ಕೆ ಮರಳಿದ್ದಳು, ದಿನಗಳು ಮುಗಿದುಹೋಗಿದ್ದವು.

ಚೆನ್ನೈನ ಗಾಜಿನ ಕಿಟಕಿಯ ಆಚೆ ಒಬ್ಬ ಬಿಳಿಯ ಅಧಿಕಾರಿಣಿ, ಪಕ್ಕದಲ್ಲಿ ಮೈಸೂರು ಕಡೆಯ ದುಭಾಷಿ. ಯಾಕೆ ಹೋಗಬೇಕು ಎಂಬ ಪ್ರಶ್ನೆ ಬಂತು. ಇಷ್ಟು ತಿಂಗಳು ಕಾದವನು ಏನು ಹೇಳಬೇಕಿತ್ತು ಎಂಬುದು ನಿಮಗೆ ಗೊತ್ತು, ಕಂಡಕ್ಟರಿಗೂ ಗೊತ್ತು. ಆದರೆ ಎದುರಿಗೆ ಮಾಲಿದೆ, ಕೊಡುವವರಿದ್ದಾರೆ ಎಂದ ಕೂಡಲೇ ನನ್ನ ಮುಖ ತಾನಾಗಿ ಜೊಳ್ಳು ಕಂಡ ಮುಖವಾಯಿತು. "ಸುಮ್ನೆ, ಒಂದ್ಸಲ ಹೋಗ್ ನೋಡಾಣ ಅಂತ" ಎಂದೆ. ಆಕೆ ಏನೋ ಬರೆದುಕೊಂಡಳು. ವೀಸಾ ಕೊಡದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಳು.

"ಕೊಡ್ದಿದ್ರೆ ಬ್ಯಾಡ ಬುಡಿ. ನಮ್ಗೂ ಊರಲ್ಲಿ ಕೆಲ್ಸ ಐತೆ."

ಇಷ್ಟು ಹೇಳಿ, ಹದಿನೈದು ವರ್ಷದ ಅಭ್ಯಾಸಬಲದಿಂದ, ಕಾಗದಗಳನ್ನು ಕೊಡವಿ ಜೋಡಿಸಿಕೊಂಡು ಎದ್ದು ಹೊರಟೇಬಿಟ್ಟೆ. ಹಿಂದಿನಿಂದ ದನಿ ಬರಬೇಕಲ್ಲ. ಬಂತು, ಆದರೆ ಅದು ಮುಂದಿನವರ ನಂಬರನ್ನು ಕರೆಯುವ ದನಿ. ನನ್ನ ಕಾಲುಗಳು ಅಲ್ಲೇ ನಿಂತವು. ಇಲ್ಲಿ ಯಾರಿಗೂ ನನ್ನನ್ನು ಹಿಂದಕ್ಕೆ ಕರೆಯುವ ಗರಜಿಲ್ಲ, ಇದು ಅಂಗಳವಲ್ಲ. ಇನ್ನೆರಡು ಹೆಜ್ಜೆ ಹೋದರೆ ಶೈಲಾ ಬೇಸಿಗೆಗೆ ಪೆಟ್ಟಿಗೆ ಕಟ್ಟುತ್ತಾಳೆ.

ಜೀವಮಾನದಲ್ಲಿ ಮೊದಲ ಬಾರಿಗೆ, ಕರೆಯದೆ ಹಿಂದಿರುಗಿದೆ. ದುಭಾಷಿ ಬೆರಗಾಗಿ ನನ್ನನ್ನೇ ನೋಡುತ್ತಿದ್ದ. "ಏನ್ರೀ ಯಜಮಾನ್ರೇ, ನಿಮ್ಮ ಮದುವೇನೇ ಸುಳ್ಳು ಅಂತ ಬರೀತಿದಾರೆ ಇವ್ರು. ನಿಮಗೆ ಬೇಕೋ ಬೇಡ್ವೋ?"

"ಬೇಕು" ಎಂದೆ. ಗಂಟಲಿನಿಂದ ಆ ಶಬ್ದ ಹೊರಡುವಾಗ ಹಳೇ ಜೀಪು ಸ್ಟಾರ್ಟ್ ಆದಂತೆ ಕೇಳಿಸಿತು. "ಬೇಕು ಸ್ವಾಮಿ. ಅವಳಿಲ್ದೆ ಆಗಾಕಿಲ್ಲ ನಂಗೆ. ನಂಗೋಸ್ಕರ ಆ ಕೆಲ್ಸ ಬಿಟ್ಟು ಬರ್ತಳಂತೆ, ಅದು ಆಗ್ಬಾರ್ದು. ದಯವಿಟ್ಟು ಕೊಡಿ."

ದುಭಾಷಿ ಅದನ್ನು ಅಧಿಕಾರಿಣಿಗೆ ಹೇಳಿದ. ನಾನು ಹೇಳಿದ್ದಕ್ಕಿಂತ ಸ್ವಲ್ಪ ಉದ್ದವಾಗಿಯೇ ಹೇಳಿದನೆಂದು ನನ್ನ ಅನುಮಾನ. ಅವನು ಎಲ್ಲಿದ್ದರೂ ಚೆನ್ನಾಗಿರಲಿ. ಅಧಿಕಾರಿಣಿ ಕೊನೆಯದೊಂದು ಪ್ರಶ್ನೆ ಕೇಳಿದಳು: ಹೆಂಡತಿಯೊಡನೆ ಹೋದ ವಾರ ಏನು ಮಾತಾಡಿದಿರಿ? ಸುಳ್ಳು ಹೇಳುವ ಚೈತನ್ಯ ಉಳಿದಿರಲಿಲ್ಲ. ಮೆಣಸಿನ ಧಾರಣೆ ಹೇಳಿದೆ, ಬೈದಳು ಎಂದೆ. ದುಭಾಷಿಯಿಂದ ಅದನ್ನು ಕೇಳಿದ ಅಧಿಕಾರಿಣಿ ತಾನು ಬರೆದಿದ್ದನ್ನು ಹೊಡೆದುಹಾಕಿ ನಕ್ಕಳು. ಗಂಡ ಹೆಂಡಿರಲ್ಲದವರು ಇಷ್ಟು ನೀರಸವಾಗಿ ಮಾತಾಡಲಾರರೆಂದು ಆಕೆಗೆ ಮನವರಿಕೆಯಾಗಿರಬೇಕು, ವೀಸಾ ಮಂಜೂರಾಯಿತು.

ಹೊರಗೆ ಬಂದು ಮೊದಲು ಕಂಡ ಬೂತಿನಿಂದ ಶೈಲಾಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ.  ಅವಳು ಅಳು ನುಂಗಿ ಮೂಗೆಳೆದುಕೊಂಡು, "ಆ ಬಿಳಿ ಹೆಂಗಸಿಗೆ ಹೇಳೋ ಮುಂಚೆ ಒಂದ್ಸಲ ನಂಗೆ ಹೇಳ್ಬಾರ್ದಿತ್ತಾ ರೀ?" ಎಂದಳು. ಬೂತಿನಲ್ಲಿ ಜನರಿದ್ದರು. ಇದ್ದರೆ ಇರಲಿ ಎಂದುಕೊಂಡು, ನೀನಿಲ್ಲದೆ ಆಗುವುದಿಲ್ಲವೆಂದು ಅವಳಿಗೂ ಹೇಳಿದೆ.

ಆದ್ದರಿಂದ, ಓದುಗ ಮಿತ್ರರೇ, ವೀಸಾಕ್ಕೆ ಕಾಯುವ ಪ್ರಸಂಗ ನಿಮಗೂ ಬಂದರೆ ಅನುಭವಸ್ಥನ ನಾಲ್ಕು ಮಾತು ಕೇಳಿ. ಕೊಟ್ಟ ದಿನವನ್ನು ಮರುಮಾತಿಲ್ಲದೆ ತೆಗೆದುಕೊಳ್ಳಿ. ಸೋಮವಾರ ಎಂದರೆ ಗುರುವಾರಕ್ಕೆ ಜಗ್ಗಬೇಡಿ. ಹಿಂದಿನ ದಿನವೇ ಆ ಊರು ಸೇರಿ, ಬೆಳಿಗ್ಗೆ ಎರಡು ಇಡ್ಲಿಯಾದರೂ ತಿಂದು ಹೋಗಿ, ಫೋಟೋ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ. ಕುರ್ಚಿಗೆ, ಮೆಣಸಿಗೆ, ಆಟೋದವನಿಗೆ ಧಾರಾಳವಾಗಿ ಚೌಕಾಶಿ ಮಾಡಿ, ಅದಕ್ಕೆ ನನ್ನ ಆಶೀರ್ವಾದವಿದೆ. ಆದರೆ ಬೇಕಾದವರನ್ನು ಬೇಕು ಎಂದು ಹೇಳುವಾಗ ಬೆಲೆ ಏರುತ್ತದೆಂದು ಹೆದರಬೇಡಿ. ಅದನ್ನು ವೀಸಾ ಕಿಟಕಿಯವರೆಗೂ ಕಾಯಿಸದೆ ಈ ಭಾನುವಾರವೇ ಫೋನಿನಲ್ಲಿ ಹೇಳಿಬಿಡಿ. ಬೆನ್ನ ಹಿಂದೆ ಸಾಲು ನಿಂತಿದ್ದರೂ ಗಟ್ಟಿಯಾಗಿಯೇ ಹೇಳಿ. ಕೇಳಿಸಿಕೊಂಡವರು ನಗುತ್ತಾರೆ, ಆದರೆ ಅವರ ಸರದಿ ಬಂದಾಗ ಗಾಜಿನ ಬಾಗಿಲೆಳೆದುಕೊಂಡು ಅವರು ಏನು ಹೇಳುತ್ತಾರೆಂದು ಸ್ವಲ್ಪ ನಿಂತು ಕೇಳಿ.